ಪದರಗಳ ನಡುವೆ ಕರಗುವ ಸದ್ದು

ಕಾರಿನ ಬಾಗಿಲಿನ ಒಳಗಡೆಯ ಪ್ಲಾಸ್ಟಿಕ್ ಟ್ರಿಮ್ ಬಿಚ್ಚಿ, ಹೊರತಗಡಿನ ಒಳಮೈಯನ್ನು ಬೆರಳ ಗೆಣ್ಣಿನಿಂದ ಕುಟ್ಟಿದರೆ ‘ಡಣ್’ ಎನ್ನುತ್ತದೆ. ಸದ್ದು ಒಂದು ಕ್ಷಣ ಅಲ್ಲೇ ನಿಂತು ಮೊರೆಯುತ್ತದೆ. ಅದೇ ತಗಡಿನ ನಡುಭಾಗಕ್ಕೆ ಎರಡು ಮಿಲಿಮೀಟರ್ ದಪ್ಪದ ಬ್ಯುಟೈಲ್ ರಬ್ಬರಿನ ಹಾಳೆ ಅಂಟಿಸಿ, ಅದರ ಮೇಲಿನ ಅಲ್ಯೂಮಿನಿಯಂ ಪೊರೆಯನ್ನು ರೋಲರ್‌ನಿಂದ ಒತ್ತಿ ಮತ್ತೆ ಕುಟ್ಟಿದರೆ ‘ದಬ್’. ಮೊರೆತ ಇಲ್ಲ. ತಗಡು ಹೇಳಿಕೊಳ್ಳುವಷ್ಟು ಗಟ್ಟಿಯಾಗಿಲ್ಲ, ಬಾಗಿಲು ಎತ್ತಲಾರದಷ್ಟು ಭಾರವೂ ಆಗಿಲ್ಲ. ಆದರೂ ಕಂಪನ ಹುಟ್ಟಿದಲ್ಲೇ ಸತ್ತಿದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಆಕ್ಸೆಸರಿ ಅಂಗಡಿಗಳಲ್ಲಿ ಡ್ಯಾಂಪಿಂಗ್ ಶೀಟ್ ಎಂದರೆ ಸಿಗುವುದು ಇದೇ. ಕಾರ್ಖಾನೆಯಿಂದ ಹೊರಬರುವ ಪ್ರತಿ ಕಾರಿನಲ್ಲೂ ಇದರ ನಾನಾ ರೂಪಗಳು ಕಾರ್ಪೆಟ್ಟಿನ ಕೆಳಗೆ, ಡ್ಯಾಶ್‌ಬೋರ್ಡಿನ ಹಿಂದೆ, ಬ್ರೇಕ್ ಪ್ಯಾಡಿನ ಬೆನ್ನಿಗೆ, ಕೊನೆಗೆ ಗಾಜಿನ ಹೊಟ್ಟೆಯೊಳಗೂ ಅಡಗಿ ಕೂತಿರುತ್ತವೆ. ಬೇರೆ ಬೇರೆ ಗುಣದ ವಸ್ತುಗಳನ್ನು ಪದರ ಪದರವಾಗಿ ಬೆಸೆದು ಸದ್ದನ್ನೂ ನಡುಕವನ್ನೂ ಇಳಿಸುವ ಈ ವಿದ್ಯೆ ಎಲ್ಲಿಯವರೆಗೆ ಬಂದಿದೆ, ಎಲ್ಲಿ ಕೈಕೊಡುತ್ತದೆ, ನಮ್ಮ ಬಿಸಿಲಿಗೆ ಎಷ್ಟು ಒಗ್ಗುತ್ತದೆ ಎಂಬುದು ಇಲ್ಲಿನ ವಿಚಾರ. ಸದ್ದು ತಗ್ಗಬೇಕಾದರೆ ಗಾಡಿಗೆ ತೂಕ ಹೇರಬೇಕು ಎಂಬ ಹಳೆಯ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಪದರಗಳ ಚರಿತ್ರೆ ಓದಿದರೆ ತಿಳಿಯುವುದು ಬೇರೆಯೇ: ಎಷ್ಟು ಹಾಕಿದೆವು ಎನ್ನುವುದಕ್ಕಿಂತ ಯಾವುದನ್ನು, ಎಲ್ಲಿ, ಎಷ್ಟು ಬಿಸಿಯಲ್ಲಿ ಎನ್ನುವುದೇ ಹೆಚ್ಚು ಮುಖ್ಯ.

ಎರಡು ದಾರಿ, ನಾಲ್ಕು ಕೆಲಸ

ವಾಹನದೊಳಗೆ ಸದ್ದು ಎರಡು ದಾರಿಯಲ್ಲಿ ಬರುತ್ತದೆ. ಒಂದು ಗಾಡಿಯ ಮೈ ಹಿಡಿದು ಬರುವುದು. ಎಂಜಿನ್ನಿನ ಅದುರು ಮೌಂಟುಗಳನ್ನು ದಾಟಿ, ಟೈರಿನ ಕುಲುಕಾಟ ಸಸ್ಪೆನ್ಷನ್ ದಾಟಿ ಬಾಡಿಗೆ ಸೇರುತ್ತವೆ. ನೆಲದ ಹಾಗೂ ಚಾವಣಿಯ ತಗಡುಗಳು ನಡುಗಿ ಒಳಗಿನ ಗಾಳಿಯನ್ನು ತಳ್ಳುತ್ತವೆ. ಇನ್ನೊಂದು ಗಾಳಿಯಲ್ಲೇ ತೇಲಿ ಬರುವುದು. ಎಂಜಿನ್ನಿನ ಚಟಪಟ, ಕಿಟಕಿಗೆ ಬಡಿಯುವ ಗಾಳಿ, ಟೈರು ರಸ್ತೆಯನ್ನು ಉಜ್ಜುವ ಸದ್ದು ಈ ದಾರಿಯವು. ಸ್ಥೂಲವಾಗಿ 400–500 ಹರ್ಟ್ಜ್‌ಗಿಂತ ಕೆಳಗೆ ಮೊದಲ ದಾರಿಯ ಕಾರುಬಾರು, ಅದರ ಮೇಲೆ ಎರಡನೆಯದರದು.

ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ಐಡಲಿಂಗ್‌ನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 27 ಹೊಡೆತ, 3000 ಸುತ್ತಿನಲ್ಲಿ ನೂರು. ಇದು ಕಿವಿಗಿಂತ ಎದೆಗೆ ತಿಳಿಯುವ ಗುಮ್ಮೆನ್ನುವ ಸದ್ದು. ಇನ್ನೂ ಕೆಳಗೆ, 4ರಿಂದ 8 ಹರ್ಟ್ಜ್ ನಡುವೆ, ಕೂತ ಮನುಷ್ಯನ ಮೈ ಮೇಲೆ-ಕೆಳಗಿನ ಕುಲುಕಿಗೆ ಅತಿ ಹೆಚ್ಚು ನೋಯುತ್ತದೆ. ಅಲ್ಲಿ ಯಾವ ಹಾಳೆಯೂ ಕೆಲಸಕ್ಕೆ ಬಾರದು. ಅದು ಸೀಟು ಮತ್ತು ಸಸ್ಪೆನ್ಷನ್‌ಗಳ ಹೊಣೆ.

ಹೀಗಾಗಿ ಎಂಜಿನಿಯರುಗಳು ಕೆಲಸವನ್ನು ನಾಲ್ಕಾಗಿ ಹಂಚಿಕೊಳ್ಳುತ್ತಾರೆ: ಕಂಪನ ದಾಟದಂತೆ ಬೇರ್ಪಡಿಸುವುದು, ದಾಟಿದ ಕಂಪನವನ್ನು ತಣಿಸುವುದು, ಗಾಳಿಯ ಸದ್ದನ್ನು ತಡೆಯುವುದು, ಒಳಹೊಕ್ಕ ಸದ್ದನ್ನು ಹೀರುವುದು. ಮೊದಲನೆಯದು ರಬ್ಬರ್ ಮೌಂಟುಗಳ ಪಾಲು. ಉಳಿದ ಮೂರೂ ಪದರಗಳ ಪಾಲು, ಆದರೆ ಮೂರಕ್ಕೂ ಬೇಕಾದ ಪದರ ಬೇರೆ ಬೇರೆ. ತಣಿಸುವ ಹಾಳೆ ಸದ್ದನ್ನು ಹೀರದು. ಹೀರುವ ಫೋಮ್ ಸದ್ದನ್ನು ತಡೆಯದು. ಇಡೀ ಕಾರಿಗೆ ಒಂದೇ ಬಗೆಯ ಹಾಳೆ ಹೊದಿಸಿ ದುಡ್ಡು ಕಳೆದುಕೊಳ್ಳುವವರು ಎಡವುವುದು ಇಲ್ಲೇ.

ನಡುಪದರದ ಗುಟ್ಟು

ಉಕ್ಕು ತನ್ನಷ್ಟಕ್ಕೆ ಕಂಪನವನ್ನು ನುಂಗುವುದಿಲ್ಲ. ಒಂದು ವಸ್ತು ಪ್ರತಿ ಅಲುಗಾಟದಲ್ಲಿ ಎಷ್ಟು ಶಕ್ತಿಯನ್ನು ಬಿಸಿಯಾಗಿ ಕಳೆದುಕೊಳ್ಳುತ್ತದೆ ಎಂದು ಅಳೆಯುವ ನಷ್ಟಾಂಕ ಬರಿ ಉಕ್ಕಿಗೆ ಸಾವಿರದಲ್ಲೊಂದು ಪಾಲು, ಇಲ್ಲವೇ ಅದಕ್ಕೂ ಕಡಿಮೆ. ಕೆಲವು ಪಾಲಿಮರ್‌ಗಳಿಗೆ ಅದು ಒಂದನ್ನೇ ಮುಟ್ಟುತ್ತದೆ. ಸುಲಭದ ಉಪಾಯವೆಂದರೆ ತಗಡಿನ ಮೇಲೆ ಅಂಥ ಪಾಲಿಮರನ್ನು ದಪ್ಪಗೆ ಬಳಿಯುವುದು. ಜರ್ಮನಿಯ ಹೆರ್ಮನ್ ಓಬರ್ಸ್ಟ್ 1952ರಲ್ಲಿ ಇದರ ಲೆಕ್ಕಾಚಾರ ಕಟ್ಟಿಕೊಟ್ಟರು. ಇಂದಿಗೂ ಡ್ಯಾಂಪಿಂಗ್ ವಸ್ತುಗಳನ್ನು ಪರೀಕ್ಷಿಸುವ ಉಕ್ಕಿನ ಪಟ್ಟಿಗೆ ಅವರದೇ ಹೆಸರು. ಕಾರಿನ ನೆಲಕ್ಕೆ ಹಾಸುವ ಬಿಟುಮೆನ್ ಹಾಳೆಗಳು ಈ ವಂಶದವು. ತಗಡು ಬಾಗಿದಾಗ ಮೇಲಿನ ಪದರ ಹಿಗ್ಗಿ ಕುಗ್ಗಿ ಒಂದಿಷ್ಟು ಶಕ್ತಿಯನ್ನು ತಿನ್ನುತ್ತದೆ. ಆದರೆ ಪರಿಣಾಮ ಕಾಣಬೇಕಾದರೆ ಹಾಳೆ ತಗಡಿನ ಎರಡು-ಮೂರು ಪಟ್ಟು ದಪ್ಪ ಇರಬೇಕು. ಅಂದರೆ ಚದರ ಮೀಟರಿಗೆ ಮೂರು ಕಿಲೋ, ಮೇಲೂ ಹೋಗಬಹುದು.

ದೊಡ್ಡ ತಿರುವು ಬಂದದ್ದು 1959ರಲ್ಲಿ. ಅಮೆರಿಕದ ಕೇಂಬ್ರಿಜ್‌ನ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಎಂಬ ಧ್ವನಿವಿಜ್ಞಾನ ಕಂಪನಿಯಲ್ಲಿದ್ದ ಎಡ್ವರ್ಡ್ ಕರ್ವಿನ್, ಜೊತೆಗೆ ರಾಸ್ ಮತ್ತು ಉಂಗರ್, ಇನ್ನೊಂದು ಪ್ರಶ್ನೆ ಕೇಳಿದರು: ಮೆತ್ತನೆಯ ಪದರದ ಮೇಲೆ ಮತ್ತೊಂದು ಗಡಸು ಪದರ ಹೊದಿಸಿದರೆ? (ಇದೇ ಕಂಪನಿ ಹತ್ತು ವರ್ಷದ ನಂತರ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನ ಮೊದಲ ಸಂಪರ್ಕ ಯಂತ್ರಗಳನ್ನು ಕಟ್ಟಿತು.) ದಪ್ಪ ಪುಸ್ತಕವೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರೆ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ, ಅಂಚು ಓರೆಯಾಗುತ್ತದೆ. ಎರಡು ಗಡಸು ಪದರಗಳ ನಡುವೆ ಸಿಕ್ಕ ಪಾಲಿಮರ್ ಕೂಡ ಹಾಗೆಯೇ ಎರಡು ದಿಕ್ಕಿಗೆ ಜಗ್ಗಾಡುತ್ತದೆ. ಎಂಜಿನಿಯರುಗಳು ಷಿಯರ್ ಎನ್ನುವ ಈ ಜಗ್ಗಾಟದಲ್ಲಿ ಪಾಲಿಮರಿನ ಉದ್ದುದ್ದ ಅಣುಸರಪಳಿಗಳು ಒಂದನ್ನೊಂದು ಉಜ್ಜಿ ಬಿಸಿಯಾಗುತ್ತವೆ. ಕಂಪನದ ಶಕ್ತಿ ಅಳತೆಗೆ ಸಿಗದಷ್ಟು ಸಣ್ಣ ಶಾಖವಾಗಿ ಹೋಗಿಬಿಡುತ್ತದೆ.

ಲಾಭ ದೊಡ್ಡದು. ಬಳಿದ ಪದರ ಮಿಲಿಮೀಟರ್‌ಗಟ್ಟಲೆ ದಪ್ಪವಿರಬೇಕಾದ ಕಡೆ, ಬಂಧಿಸಿಟ್ಟ ಪದರ ಕೂದಲೆಳೆಗಿಂತ ತೆಳ್ಳಗಿದ್ದರೂ ಸಾಕು. 1969ರಲ್ಲಿ ಮೀಡ್ ಮತ್ತು ಮಾರ್ಕುಸ್ ಮೂರು ಪದರದ ತೊಲೆಯ ಸಮೀಕರಣವನ್ನು ಇನ್ನಷ್ಟು ಸಾಮಾನ್ಯಗೊಳಿಸಿದರು. ಈಗಿನ ಕಂಪ್ಯೂಟರ್ ಮಾದರಿಗಳೆಲ್ಲ ಆ ಅಡಿಪಾಯದ ಮೇಲೆ ಎದ್ದವು.

ತಗಡು, ಬ್ರೇಕು, ಗಾಜು

ಈ ತತ್ತ್ವದ ನೇರ ಫಲ ಲ್ಯಾಮಿನೇಟೆಡ್ ಉಕ್ಕು. ಎರಡು ತೆಳು ಉಕ್ಕಿನ ಹಾಳೆಗಳ ನಡುವೆ ಸುಮಾರು 0.025ರಿಂದ 0.05 ಮಿಲಿಮೀಟರಿನ ಪಾಲಿಮರ್. ಹೊರಗಿನಿಂದ ನೋಡಿದರೆ ಒಂದೇ ತಗಡು. ಅನುಕೂಲ ತಾಪದಲ್ಲಿ ಇದರ ನಷ್ಟಾಂಕ ಬರಿ ಉಕ್ಕಿನ ನೂರು ಪಟ್ಟನ್ನೂ ಮೀರಬಲ್ಲದು. ಎಂಜಿನ್ನಿನ ಆಯಿಲ್ ಪ್ಯಾನ್, ವಾಲ್ವ್ ಕವರ್, ಎಂಜಿನ್ನನ್ನೂ ಪ್ರಯಾಣಿಕರನ್ನೂ ಬೇರ್ಪಡಿಸುವ ಡ್ಯಾಶ್ ಪ್ಯಾನೆಲ್ ಇದರ ನೆಲೆಗಳು. ತೊಡಕೂ ಇದೆ. ಪ್ರೆಸ್ಸಿನಲ್ಲಿ ಆಳವಾಗಿ ಒತ್ತಿದರೆ ಪದರಗಳು ಸುಕ್ಕುಗಟ್ಟುತ್ತವೆ, ಅಂಚಿನಲ್ಲಿ ಬಿಟ್ಟುಕೊಳ್ಳುತ್ತವೆ. ನಡುವಿನ ಪಾಲಿಮರ್ ವಿದ್ಯುತ್ ಹರಿಯಗೊಡದ ಕಾರಣ ಸ್ಪಾಟ್ ವೆಲ್ಡಿಂಗ್ ಆಗುವುದಿಲ್ಲ. ಅದಕ್ಕೆಂದೇ ಪಾಲಿಮರಿನಲ್ಲಿ ಲೋಹದ ಕಣ ಬೆರೆಸುತ್ತಾರೆ. ಬಣ್ಣ ಹೊಡೆದ ಬಾಡಿ ಹಾದುಹೋಗುವ ಒಲೆಯ ಬಿಸಿಯನ್ನೂ ಆ ಪಾಲಿಮರ್ ತಾಳಿಕೊಳ್ಳಬೇಕು.

ಬ್ರೇಕಿನ ಕಿರುಚಾಟಕ್ಕೂ ಮದ್ದು ಇದೇ ಜಾತಿಯದು. ಪ್ಯಾಡನ್ನು ಕಳಚಿ ಬೆನ್ನು ತಿರುಗಿಸಿ ನೋಡಿದರೆ ಶಿಮ್ ಎನ್ನುವ ತೆಳು ತಗಡು ಕಾಣುತ್ತದೆ. ಅದನ್ನು ಅಡ್ಡ ಕೊಯ್ದರೆ ಒಳಗೆ ಉಕ್ಕು, ರಬ್ಬರು, ಅಂಟುಗಳ ಪದರ. ಪ್ಯಾಡು ಡಿಸ್ಕಿಗೆ ಉಜ್ಜುವಾಗ ಹುಟ್ಟುವ ಹಲವು ಸಾವಿರ ಹರ್ಟ್ಜ್ ಅದುರನ್ನು ಅದು ಕ್ಯಾಲಿಪರಿಗೆ ದಾಟಗೊಡುವುದಿಲ್ಲ. ಪ್ಯಾಡ್ ಬದಲಿಸುವಾಗ ಹಳೆಯ ಶಿಮ್ ಎಲ್ಲೋ ಕಳೆದುಹೋಗಿ, ಹೊಸ ಪ್ಯಾಡ್ ಬರಿಬೆನ್ನಿನಲ್ಲೇ ಕೂತರೆ, ಪ್ಯಾಡಿನ ಗುಣಮಟ್ಟವನ್ನು ಬಯ್ಯುವ ಸರದಿ ಮಾಲೀಕರದು.

ಗಾಜಿನ ಕತೆ ಇನ್ನೂ ಸೊಗಸು. ಯಾವುದೇ ಹಲಗೆಗೆ ಒಂದು ದುರ್ಬಲ ಆವರ್ತನವಿದೆ. ಅಲ್ಲಿ ಹಲಗೆಯ ಬಾಗು-ಅಲೆಯೂ ಗಾಳಿಯ ಸದ್ದಿನ ಅಲೆಯೂ ಹೆಜ್ಜೆ ಕೂಡಿಸಿ, ತಡೆ ಕುಸಿದು ಸದ್ದು ಸಲೀಸಾಗಿ ನುಸುಳುತ್ತದೆ. ನಾಲ್ಕು ಮಿಲಿಮೀಟರ್ ಗಾಜಿಗೆ ಆ ಜಾಗ ಸುಮಾರು 3000 ಹರ್ಟ್ಜ್. ದುರದೃಷ್ಟಕ್ಕೆ ಮನುಷ್ಯನ ಕಿವಿ ಅತಿ ಚುರುಕಾಗಿರುವುದೂ ಅಲ್ಲೇ, ಹೆದ್ದಾರಿಯ ಗಾಳಿಯ ಸುಂಯ್‌ಗುಡುವಿಕೆಯೂ ಅಲ್ಲಿಗೆ ತಲುಪುತ್ತದೆ. ಮುಂದಿನ ಗಾಜಿನಲ್ಲಿ ಎರಡು ಗಾಜುಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪೊರೆ ಬಹಳ ಕಾಲದಿಂದ ಇದೆ, ಸಾಮಾನ್ಯವಾಗಿ 0.76 ಮಿಲಿಮೀಟರ್. ಅದು ಬಂದದ್ದು ಸದ್ದಿಗಾಗಿ ಅಲ್ಲ, ಒಡೆದ ಚೂರು ಮುಖಕ್ಕೆ ಸಿಡಿಯದಿರಲಿ ಎಂದು. ನಂತರದವರು ಆ ಪೊರೆಯನ್ನೇ ಮೂರಾಗಿ ಮಾಡಿ, ನಡುವೆ ಹೆಚ್ಚು ಮೆತ್ತಗಿನ ಪದರ ಇಟ್ಟರು. ದಪ್ಪ ಅಷ್ಟೇ, ತೂಕವೂ ಅಷ್ಟೇ, ಆದರೆ 3000 ಹರ್ಟ್ಜ್ ಆಸುಪಾಸಿನಲ್ಲಿ ತಡೆ ಕುಸಿಯುವ ಆ ಗುಂಡಿ ಬಹುಪಾಲು ತುಂಬಿಕೊಂಡಿತು. ತೂಕ ಹೆಚ್ಚಿಸದೆ ಸದ್ದು ಇಳಿಸಬಹುದು ಎನ್ನುವುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷಿ ಸಿಗುವುದು ಕಷ್ಟ.

ತಡೆಯುವ ಗೋಡೆ, ಹೀರುವ ನಾರು

ಗಾಳಿಯಲ್ಲಿ ಬರುವ ಸದ್ದನ್ನು ತಡೆಯುವುದರಲ್ಲಿ ಮಾತ್ರ ತೂಕಕ್ಕೆ ಮರ್ಯಾದೆ ಇದೆ. ಒಂಟಿ ಗೋಡೆಯ ತೂಕ ಇಮ್ಮಡಿಸಿದರೆ ತಡೆ ಹೆಚ್ಚೆಂದರೆ 6 ಡೆಸಿಬೆಲ್ ಏರುತ್ತದೆ. ಸದ್ದು ಅರ್ಧಕ್ಕಿಳಿದಂತೆ ಕಿವಿಗೆ ತೋರಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು. ಅಂದರೆ ತೂಕವನ್ನೇ ನಂಬಿದರೆ ತಗಡನ್ನು ಮೂರು ಪಟ್ಟು ಭಾರ ಮಾಡಬೇಕು. ಅದಕ್ಕಾಗಿ ಗೋಡೆಯನ್ನು ಎರಡಾಗಿ ಸೀಳುತ್ತಾರೆ: ಈಚೆ ಉಕ್ಕಿನ ಡ್ಯಾಶ್ ಪ್ಯಾನೆಲ್, ನಡುವೆ ಫೋಮ್ ಅಥವಾ ಫೆಲ್ಟ್, ಆಚೆ ಇವಿಎ ಎಂಬ ಪ್ಲಾಸ್ಟಿಕ್ಕಿನ ಭಾರವಾದ ಹಾಳೆ. ನಡುವಿನ ಪದರ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಆವರ್ತನ ಇಮ್ಮಡಿಸಿದಂತೆಲ್ಲ ಒಂಟಿಗೋಡೆಯ ತಡೆ 6 ಡೆಸಿಬೆಲ್ ಏರಿದರೆ, ಜೋಡಿಗೋಡೆಯದು ಲೆಕ್ಕದ ಪ್ರಕಾರ 18 ಏರುತ್ತದೆ. ಷರತ್ತು ಒಂದಿದೆ. ಎರಡೂ ಗೋಡೆಗಳು ನಡುವಿನ ಸ್ಪ್ರಿಂಗಿನ ಮೇಲೆ ಒಂದಕ್ಕೊಂದು ಎದುರಾಗಿ ಕುಣಿಯುವ ಅನುನಾದದ ಆವರ್ತನದಲ್ಲಿ, ಸಾಮಾನ್ಯವಾಗಿ 200–300 ಹರ್ಟ್ಜ್ ಸುತ್ತಮುತ್ತ, ಜೋಡಿಗೋಡೆ ಒಂಟಿಗೋಡೆಗಿಂತ ಕೀಳಾಗುತ್ತದೆ.

ಹೀರುವುದು ನಾರಿನ ಮತ್ತು ಫೋಮಿನ ಕೆಲಸ. ಸದ್ದಿನ ಅಲೆ ಸಂದುಗಳೊಳಗೆ ನುಗ್ಗಿ, ಗಾಳಿ ನಾರಿಗೆ ಉಜ್ಜಿ ಬಿಸಿಯಾಗುತ್ತದೆ. ಇಲ್ಲಿ ದಪ್ಪವೇ ವಿಧಿ. ಚೆನ್ನಾಗಿ ಹೀರಬೇಕಾದರೆ ದಪ್ಪ ಅಲೆಯ ಕಾಲುಭಾಗದ ಹತ್ತಿರ ಇರಬೇಕು: 2000 ಹರ್ಟ್ಜ್‌ಗೆ ನಾಲ್ಕು ಸೆಂಟಿಮೀಟರ್ ಸಾಕು, 100 ಹರ್ಟ್ಜ್‌ಗೆ 85 ಸೆಂಟಿಮೀಟರ್ ಬೇಕು. ಅಷ್ಟು ದಪ್ಪದ ಹಾಸು ಹಾಕಿದರೆ ಕಾರಿನಲ್ಲಿ ಕೂರಲು ಜಾಗ ಉಳಿಯದು. 1990ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ರೀಟರ್ ಕಂಪನಿ ಭಾರದ ಹಾಳೆಯನ್ನೇ ಕೈಬಿಟ್ಟು, ಒತ್ತಿದ ಗಟ್ಟಿ ಫೆಲ್ಟ್ ಮತ್ತು ಸಡಿಲ ಫೆಲ್ಟ್ ಎರಡನ್ನೂ ಜೋಡಿಸಿದ ಹಗುರ ಹಾಸುಗಳನ್ನು ಹೊರತಂದಿತು. ತಡೆ ಸ್ವಲ್ಪ ಕಡಿಮೆ, ಹೀರಿಕೆ ಬಹಳ ಹೆಚ್ಚು; ಒಟ್ಟು ಲೆಕ್ಕದಲ್ಲಿ ಒಳಗಿನ ಸದ್ದು ಇಳಿಯಿತು, ಕಿಲೋಗಳೂ ಉಳಿದವು.

ಇಂಥ ಪದರಗಳ ಸಾಲನ್ನು ಸದ್ದು ಹೇಗೆ ದಾಟುತ್ತದೆಂದು ಲೆಕ್ಕ ಹಾಕಲು ಪ್ರತಿ ಪದರಕ್ಕೂ ಒಂದು ಮ್ಯಾಟ್ರಿಕ್ಸ್ ಬರೆದು ಸಾಲಾಗಿ ಗುಣಿಸುವ ವಿಧಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ.ಎಲ್. ಮುಂಜಾಲ್ ಇದೇ ವಿಧಾನದಿಂದ ಸೈಲೆನ್ಸರುಗಳನ್ನು ವಿಶ್ಲೇಷಿಸಿ 1987ರಲ್ಲಿ ಪ್ರಕಟಿಸಿದ ಗ್ರಂಥ ಜಗತ್ತಿನಾದ್ಯಂತ ಆಕರವಾಯಿತು. ಬಹುಪದರದ ಹಲಗೆಗಳಿಗೂ ಅವರು ಈ ವಿಧಾನವನ್ನು ಅನ್ವಯಿಸಿದರು.

ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ ಒಂದು ತೂತು ಅದನ್ನು ಕೆಡಿಸಬಲ್ಲದು. ಗೋಡೆಯ ವಿಸ್ತಾರದಲ್ಲಿ ನೂರಕ್ಕೊಂದು ಪಾಲು ತೆರೆದಿದ್ದರೆ, ಉಳಿದದ್ದು ಸೀಸದ್ದೇ ಆದರೂ ಒಟ್ಟು ತಡೆ 20 ಡೆಸಿಬೆಲ್ ಮೀರದು. ಸ್ಟೀರಿಂಗ್ ಕಂಬ, ವೈರಿಂಗ್ ಕಟ್ಟು, ಎ.ಸಿ. ಕೊಳವೆ ಹಾದುಹೋಗುವ ರಂಧ್ರಗಳ ರಬ್ಬರ್ ಗ್ರಾಮೆಟ್ಟುಗಳೂ ಬಾಗಿಲ ಬೀಡಿಂಗೂ ಹಳತಾಗಿ ಬಿರಿದರೆ ದುಬಾರಿ ಹಾಸುಗಳು ದಂಡ.

ಹಗುರ ಮೈಯ ಸಂಕಟ

ಇಂಧನ ಉಳಿಸಲು ಗಾಡಿ ಹಗುರವಾಗಬೇಕು. ಬಿಎಂಡಬ್ಲ್ಯು 2013ರಲ್ಲಿ ಐ3 ಕಾರಿನ ಪ್ರಯಾಣಿಕರ ಗೂಡನ್ನು ಕಾರ್ಬನ್ ಫೈಬರಿನಿಂದ ಕಟ್ಟಿತು. ಆದರೆ ಹಗುರವೂ ಗಡಸೂ ಆದ ಹಲಗೆ ಸದ್ದಿನ ವಿಷಯದಲ್ಲಿ ಎರಡು ಕಡೆಯಿಂದಲೂ ಸೋಲುತ್ತದೆ. ತೂಕವಿಲ್ಲದ್ದರಿಂದ ತಡೆ ಕಡಿಮೆ. ಗಡಸಾದ್ದರಿಂದ ಗಾಜಿನ ಮಾತಿನಲ್ಲಿ ಹೇಳಿದ ದುರ್ಬಲ ಆವರ್ತನ ಕೆಳಗಿಳಿದು, ಕಿವಿಗೆ ಕೇಳುವ ಹೆಚ್ಚಿನ ಭಾಗದಲ್ಲಿ ಸದ್ದು ಸಲೀಸಾಗಿ ಹೊಮ್ಮುತ್ತದೆ.

ಸ್ಯಾಂಡ್‌ವಿಚ್ ಹಲಗೆಗಳಲ್ಲೂ ಇದೇ ಗೊಂದಲ. ವಿಮಾನದಲ್ಲಿ ಬಳಸುವ ಜೇನುಹಟ್ಟಿ ತಿರುಳಿನ ಹಲಗೆಯ ಗುರಿ ಕಡಿಮೆ ತೂಕದಲ್ಲಿ ಹೆಚ್ಚು ಗಡಸುತನ. ಅದು ಬಾಗುವುದೇ ಅಪರೂಪ, ಹಾಗಾಗಿ ಒಳಗೆ ಜಗ್ಗಾಟವೂ ಇಲ್ಲ, ತಣಿಯುವುದೂ ಇಲ್ಲ. ಮೆತ್ತನೆ ತಿರುಳಿನದು ತಣಿಸುತ್ತದೆ, ಆದರೆ ಭಾರ ಹೊರಲಾರದು. ಎರಡನ್ನೂ ಒಂದೇ ಹಲಗೆಯಿಂದ ಪಡೆಯುವುದು ಸಂಶೋಧಕರ ಈಗಿನ ಹಂಬಲ. ಒಂದು ದಾರಿ, ಕಾರ್ಬನ್ ಅಥವಾ ಗಾಜಿನ ನಾರಿನ ಪದರಗಳ ನಡುವೆ ಡ್ಯಾಂಪಿಂಗ್ ಪೊರೆಯನ್ನು ಮೊದಲೇ ಸೇರಿಸಿ ಒಟ್ಟಿಗೆ ಬೇಯಿಸುವುದು. ಪೊರೆ ನಡುಮಧ್ಯದಲ್ಲಿದ್ದರೆ ತಣಿಕೆ ಹೆಚ್ಚು, ಗಡಸುತನದ ನಷ್ಟವೂ ಹೆಚ್ಚು. ಎಲ್ಲಿಡಬೇಕು ಎನ್ನುವುದೇ ಲೆಕ್ಕ.

ಇನ್ನೊಂದು ದಾರಿ ಸಸ್ಯದ ನಾರು. ಅಗಸೆ, ಸೆಣಬು, ಕೆನಾಫ್ ನಾರುಗಳು ಒಳಗೇ ಪೊಳ್ಳು-ಪದರಗಳಿಂದ ಕೂಡಿರುವ ಕಾರಣ ಗಾಜಿನ ನಾರಿಗಿಂತ ಹೆಚ್ಚು ಕಂಪನ ತಿನ್ನುತ್ತವೆ. ಪೂರ್ವ ಜರ್ಮನಿಯ ಟ್ರಬಾಂಟ್ ಕಾರಿನ ಹೊರಮೈಯನ್ನು 1950ರ ದಶಕದಲ್ಲೇ ಹತ್ತಿಯ ತ್ಯಾಜ್ಯ ಮತ್ತು ಫೀನಾಲ್ ರಾಳದಿಂದ ಮಾಡಿದ್ದರು. ಆದರೂ ಅದರ ಟೂ-ಸ್ಟ್ರೋಕ್ ಎಂಜಿನ್ನಿನ ಗದ್ದಲ ಕುಖ್ಯಾತ. ಸದ್ದಿನ ಮೂಲವನ್ನು ಮುಟ್ಟದೆ ಹೊರಮೈ ಬದಲಿಸಿದರೆ ಸಿಗುವುದು ಅಷ್ಟೇ. ತಿಪಟೂರು, ಅರಸೀಕೆರೆ ಸೀಮೆಯವರಿಗೆ ಚಿರಪರಿಚಿತವಾದ ತೆಂಗಿನ ನಾರೂ ಈ ಪಟ್ಟಿಯಲ್ಲಿದೆ. ರಬ್ಬರ್ ಬೆರೆಸಿದ ತೆಂಗಿನ ನಾರು ಹಾಸಿಗೆಗಳಿಗೂ ಕಾರಿನ ಸೀಟುಗಳಿಗೂ ಹಿಂದಿನಿಂದಲೂ ಬಳಕೆಯಲ್ಲಿದೆ. ಸದ್ದು ಹೀರುವುದರಲ್ಲಿ ಅದಕ್ಕಿರುವ ಅಡ್ಡಿ ಅದರ ದಪ್ಪ. ಪಾಲಿಯೆಸ್ಟರ್ ನಾರು ಹತ್ತಿಪ್ಪತ್ತು ಮೈಕ್ರಾನ್ ಇದ್ದರೆ ತೆಂಗಿನದು ನೂರನ್ನು ದಾಟುತ್ತದೆ, ಗಾಳಿ ಉಜ್ಜದೆ ಹಾದುಹೋಗುತ್ತದೆ. ಬಿಗಿಯಾಗಿ ಒತ್ತಿ, ಮುಂದೆ ನವಿರು ನಾರಿನ ಒಂದು ಪದರ ಹಾಕಿದರೆ ಈ ಕೊರತೆ ನೀಗುತ್ತದೆ. ತೇವ, ವಾಸನೆ, ಬೆಂಕಿ ಹಿಡಿಯುವ ಗುಣ ಇವಕ್ಕೆ ಮಾತ್ರ ಪ್ರತ್ಯೇಕ ಉಪಚಾರ ಬೇಕೇ ಬೇಕು.

ಪದರಗಳ ಕೈ ಮೀರಿದ ಕೆಳ ಆವರ್ತನಕ್ಕೆ ಭೌತವಿಜ್ಞಾನಿಗಳು ಕೊಟ್ಟ ಉತ್ತರ ಮೆಟಾಮಟೀರಿಯಲ್. 2000ದಲ್ಲಿ ಹಾಂಗ್‌ಕಾಂಗಿನ ತಂಡವೊಂದು ಸೀಸದ ಗುಂಡುಗಳಿಗೆ ಸಿಲಿಕೋನ್ ರಬ್ಬರ್ ಹೊದಿಸಿ, ಎಪಾಕ್ಸಿಯಲ್ಲಿ ಹುದುಗಿಸಿ, ಬರಿ ಎರಡು ಸೆಂಟಿಮೀಟರ್ ದಪ್ಪದ ಪದರದಿಂದ 400 ಹರ್ಟ್ಜ್ ಸುತ್ತಿನ ಸದ್ದನ್ನು ತೂಕ ಇಮ್ಮಡಿಸಿದರೆ 6 ಡೆಸಿಬೆಲ್ ಎಂಬ ತೂಕದ ನಿಯಮ ಮೀರಿ ತಡೆದು ತೋರಿಸಿತು. ಪ್ರತಿ ಗುಂಡೂ ತನ್ನ ರಬ್ಬರಿನ ಮೇಲೆ ಅಲೆಯ ವಿರುದ್ಧ ದಿಕ್ಕಿಗೆ ಓಲಾಡುವುದೇ ಅದರ ಮರ್ಮ. ಆದರೆ ಅದು ಕಿರಿದಾದ ಆವರ್ತನ ಪಟ್ಟಿಯಲ್ಲಷ್ಟೇ ಕೆಲಸ ಮಾಡುತ್ತದೆ. ಇನ್ನೊಂದೆಡೆ ಹ್ಯುಂಡೈ 2019ರಲ್ಲಿ ಪ್ರಕಟಿಸಿದಂಥ ವ್ಯವಸ್ಥೆಗಳು ರಸ್ತೆಯ ಗುಂಯ್‌ಗುಡುವಿಕೆಯನ್ನು ಸ್ಪೀಕರಿನಿಂದ ಎದುರು-ಸದ್ದು ಹೊರಡಿಸಿ ಅಳಿಸುತ್ತವೆ. ಮೇಲಿನ ಆವರ್ತನ ಪದರಗಳಿಗೆ, ಕೆಳಗಿನದು ಎಲೆಕ್ಟ್ರಾನಿಕ್ಸಿಗೆ: ಪಾಲುಪಟ್ಟಿ ಹೀಗೆ ಆಗುತ್ತಿದೆ.

ಎಲೆಕ್ಟ್ರಿಕ್ ಗಾಡಿ ತಂದ ಹೊಸ ಲೆಕ್ಕ

ಎಂಜಿನ್ ಹೋದರೆ ಸದ್ದಿನ ತಂಟೆಯೇ ಹೋಯಿತು ಎಂದುಕೊಂಡವರಿಗೆ ಎಲೆಕ್ಟ್ರಿಕ್ ಕಾರು ಬೇರೆ ಪಾಠ ಹೇಳಿತು. ಎಂಜಿನ್ನಿನ ಗದ್ದಲ ಮುಚ್ಚಿಹಾಕುತ್ತಿದ್ದ ಟೈರಿನ ಸದ್ದು, ಗಾಳಿಯ ಸುಂಯ್, ಡ್ಯಾಶ್‌ಬೋರ್ಡಿನ ಕಿರಗುಟ್ಟುವಿಕೆ ಎಲ್ಲ ಒಮ್ಮೆಲೇ ಬಯಲಾದವು. ಮೋಟಾರು ಮತ್ತು ಗೇರುಗಳು ಹೊರಡಿಸುವ ಒಂದೇ ಶ್ರುತಿಯ ಕೀರಲು ಡೆಸಿಬೆಲ್ಲಿನಲ್ಲಿ ಸಣ್ಣದಾದರೂ ಕಿವಿಗೆ ಚುಚ್ಚುತ್ತದೆ. ಅದೃಷ್ಟಕ್ಕೆ ಇವು ಹೆಚ್ಚಾಗಿ ಮೇಲಿನ ಆವರ್ತನದವು, ಅಂದರೆ ಪದರಗಳು ಗೆಲ್ಲುವ ವಲಯದವು. ಮೋಟಾರಿಗೇ ಫೋಮ್ ಮತ್ತು ಹಾಳೆಯ ಕವಚ ತೊಡಿಸುವುದು ಈಗ ರೂಢಿಯಾಗುತ್ತಿದೆ.

ಎಷ್ಟು ಮೌನ ಸಾಕು ಎಂಬುದೂ ಪ್ರಶ್ನೆಯೇ. ರೋಲ್ಸ್-ರಾಯ್ಸ್ 2020ರ ಘೋಸ್ಟ್ ಕಾರಿಗೆ 100 ಕಿಲೋಗೂ ಹೆಚ್ಚು ಸದ್ದು ತಗ್ಗಿಸುವ ವಸ್ತು ತುಂಬಿತು. ಪೂರ್ತಿ ನಿಶ್ಶಬ್ದ ಪ್ರಯಾಣಿಕರಿಗೆ ದಿಕ್ಕೆಡಿಸುವಂತಿದೆ ಎಂದು ಕಂಡು, ಸೀಟು ಮೊದಲಾದ ಭಾಗಗಳನ್ನು ಹೊಂದಿಸಿ ಒಂದು ಮೆಲುದನಿಯನ್ನು ಉಳಿಸಿಕೊಂಡಿತು. ಹೊರಗೂ ಹಾಗೆಯೇ. ಯುರೋಪು ಸಾಮಾನ್ಯ ಕಾರುಗಳ ಹೊರಸದ್ದಿನ ಮಿತಿಯನ್ನು 2016ರ 72 ಡೆಸಿಬೆಲ್‌ನಿಂದ 2024ಕ್ಕೆ 68ಕ್ಕೆ ಇಳಿಸಿತು. ಅದೇ ಯುರೋಪು ಎಲೆಕ್ಟ್ರಿಕ್ ಕಾರು ನಿಧಾನವಾಗಿ ಚಲಿಸುವಾಗ ಪಾದಚಾರಿಗೆ ಕೇಳುವಂತೆ ಸದ್ದು ಹೊರಡಿಸಲೇಬೇಕು ಎಂದೂ ಕಡ್ಡಾಯ ಮಾಡಿತು.

ಎಲ್ಲಕ್ಕೂ ಪದರವೇ ಪರಿಹಾರವಲ್ಲ ಎಂದು ಕನ್ನಡಿಗರಿಗೆ ಬಸ್ಸೇ ಹೇಳಿಕೊಟ್ಟಿದೆ. ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ಟಿಗೆ ಎಷ್ಟು ದಪ್ಪ ರೆಕ್ಸಿನ್ ಹೊದಿಸಿದರೂ ಹಳೆಯ ಬಸ್ಸಿನ ಮುಂದಿನ ಸೀಟಿನಲ್ಲಿ ಮಾತು ಕೇಳುತ್ತಿರಲಿಲ್ಲ. 2000ರ ದಶಕದಲ್ಲಿ ಕೆಎಸ್‌ಆರ್‌ಟಿಸಿ ಓಡಿಸಿದ ವೋಲ್ವೊ ಬಸ್ಸುಗಳು ಎಂಜಿನ್ನನ್ನು ಹಿಂದಕ್ಕೆ ಒಯ್ದವು. ಮುಂದಿನ ಸೀಟಿನವರ ಪಾಲಿಗೆ ಗದ್ದಲ ಅರ್ಧ ಮುಗಿಯಿತು.

ಬಿಸಿಲು ಮತ್ತು ಗುಜರಿ

ನಮ್ಮ ದೇಶದ ಮಟ್ಟಿಗೆ ಅತಿ ಕಡಿಮೆ ಚರ್ಚೆಯಾಗುವ ಸಂಗತಿ ತಾಪ. ಡ್ಯಾಂಪಿಂಗ್ ಪಾಲಿಮರ್ ತಣ್ಣಗಾದರೆ ಗಾಜಿನ ಗಡಸಿಗೆ ತಿರುಗುತ್ತದೆ, ಜಗ್ಗುವುದೇ ಇಲ್ಲ. ಕಾದರೆ ಬರಿ ರಬ್ಬರಾಗಿ ಜಗ್ಗುತ್ತದೆ, ಶಕ್ತಿ ತಿನ್ನುವುದಿಲ್ಲ. ಇವೆರಡರ ನಡುವಿನ ಕಿರಿದಾದ ಸಂಕ್ರಮಣ ವಲಯದಲ್ಲೇ ಅದರ ಪೂರ್ತಿ ಬಲ. ಆವರ್ತನ ಏರಿದರೆ ಆ ವಲಯ ಹೆಚ್ಚಿನ ತಾಪದತ್ತ ಸರಿಯುತ್ತದೆ. ಈ ಸಂಬಂಧವನ್ನು ವಿಲಿಯಮ್ಸ್, ಲ್ಯಾಂಡೆಲ್, ಫೆರಿ 1955ರಲ್ಲೇ ಸೂತ್ರದಲ್ಲಿ ಹಿಡಿದಿಟ್ಟರು. 20 ಡಿಗ್ರಿ ಸೆಲ್ಸಿಯಸ್‌ಗೆ ಹದಮಾಡಿದ ಹಾಳೆ ಜರ್ಮನಿಯ ವಸಂತಕ್ಕೆ ಸರಿ. ಕಲಬುರಗಿ, ರಾಯಚೂರಿನಲ್ಲಿ ನೆರಳಲ್ಲೇ 40 ದಾಟುವ ಮೇ ತಿಂಗಳಲ್ಲಿ, ಬಯಲಲ್ಲಿ ನಿಂತ ಕಾರಿನ ಚಾವಣಿ ತಗಡು 60 ಡಿಗ್ರಿ ಮೀರಿದಾಗ, ಅದೇ ಹಾಳೆ ಬರಿ ತೂಕವಾಗಿ ಉಳಿಯುತ್ತದೆ. ಅಗ್ಗದ ಬಿಟುಮೆನ್ ಹಾಳೆಯಾದರೆ ಮೆತ್ತಗಾಗಿ ಜೋಲುತ್ತದೆ, ಡಾಂಬರಿನ ವಾಸನೆ ಬಿಡುತ್ತದೆ. ಭಿನ್ನ ತಾಪದಲ್ಲಿ ಚುರುಕಾಗುವ ಎರಡು ಪಾಲಿಮರ್‌ಗಳನ್ನು ಪದರವಾಗಿ ಜೋಡಿಸಿ ಆ ವಲಯವನ್ನು ಅಗಲ ಮಾಡುವ ಉಪಾಯ ಹಳೆಯದೇ. ಅದಕ್ಕೆ ಬೇಡಿಕೆ ನಮ್ಮಂಥ ಬಿಸಿಲಿನ ನಾಡಿನಿಂದಲೇ ಹುಟ್ಟಬೇಕು.

ಇನ್ನೊಂದು ಕಗ್ಗಂಟು ಗುಜರಿಯದು. ಉಕ್ಕು ಒಂದೇ ಇದ್ದರೆ ಕರಗಿಸಬಹುದು. ಉಕ್ಕು-ಪಾಲಿಮರ್-ಉಕ್ಕು ಅಂಟಿಕೊಂಡದ್ದನ್ನು ಬಿಡಿಸುವುದು ಕಷ್ಟ. ಬಲವಾಗಿ ಅಂಟಿರುವುದೇ ಈ ವಸ್ತುಗಳ ಗುಣ, ಅದೇ ಕೊನೆಯಲ್ಲಿ ದೋಷ. ಯುರೋಪು 2015ರಿಂದ ಹಳೆಯ ಗಾಡಿಯ ತೂಕದಲ್ಲಿ ನೂರಕ್ಕೆ 85 ಪಾಲನ್ನು ಮರುಬಳಕೆ ಇಲ್ಲವೇ ಮರುಸಂಸ್ಕರಣೆಗೆ ಒಳಪಡಿಸಬೇಕೆಂದು ವಿಧಿಸಿದೆ. ಭಾರತದಲ್ಲೂ ಆಯಸ್ಸು ತೀರಿದ ವಾಹನಗಳ ನಿಯಮಗಳು 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿವೆ. ಒಂದೇ ಪಾಲಿಯೆಸ್ಟರಿನ ಸಡಿಲ ಮತ್ತು ಗಟ್ಟಿ ಪದರಗಳಿಂದಾದ ಹಾಸುಗಳು ಮೇಲುಗೈ ಪಡೆಯಲು ಇದೂ ಕಾರಣ. ಪದರ ಎರಡಾದರೂ ವಸ್ತು ಒಂದೇ ಆದ್ದರಿಂದ ಬಿಡಿಸುವ ಗೊಡವೆ ಇಲ್ಲ.

ಒಟ್ಟು ನೋಡಿದರೆ, ಎಪ್ಪತ್ತು ವರ್ಷಗಳ ಈ ವಿದ್ಯೆಯಲ್ಲಿ ತತ್ತ್ವದ ಕೊರತೆ ಇಲ್ಲ. ಕೊರತೆ ಇರುವುದು ಹೊಂದಾಣಿಕೆಯಲ್ಲಿ. ಕಾರು ಕಟ್ಟುವವರೂ ಅದಕ್ಕೆ ಹಾಳೆ ಅಂಟಿಸಿಕೊಳ್ಳುವವರೂ ಮೊದಲು ಸದ್ದು ಬರುವ ದಾರಿ ಹುಡುಕಬೇಕು, ಆಮೇಲೆ ತೂತು ಮುಚ್ಚಬೇಕು, ಹಾಳೆಯ ಸರದಿ ಅದರ ನಂತರ. ಹಾಳೆ ಕೊಳ್ಳುವಾಗ ದಪ್ಪ ಎಷ್ಟು ಮಿಲಿಮೀಟರ್ ಎಂದಷ್ಟೇ ಕೇಳಿದರೆ ಸಾಲದು. ನಷ್ಟಾಂಕವನ್ನು ಯಾವ ತಾಪದಲ್ಲಿ ಅಳೆದದ್ದು ಎಂದು ಕೇಳಬೇಕು; 20 ಡಿಗ್ರಿಯ ಅಂಕಿಯೊಂದೇ ಇದ್ದು 40, 60ರದು ಇಲ್ಲದಿದ್ದರೆ ಆ ಹಾಳೆ ನಮ್ಮ ರಸ್ತೆಗೆಂದು ಮಾಡಿದ್ದಲ್ಲ.